ಅರೆ ಮಾಡಿ ಕೊಡಿ

ಫೆಬ್ರವರಿ ೩

ಗುಬ್ಬಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ಕೊಡಿಸಿದ ಫೋನು ಚೆನ್ನಾಗಿದೆ, ನನ್ನ ಕಿವಿ ಚೆನ್ನಾಗಿಲ್ಲ. ಹಾಗಾಗಿ ಮತ್ತೆ ಕಾಗದಕ್ಕೇ ಬಂದೆ. ಮೊನ್ನೆ ನೀನು, ನಿಮ್ಮ ಆಸ್ಪತ್ರೆಯಲ್ಲಿ ಹೊಸ ಸಭೆ ಶುರುವಾಗಿದೆ, ಅಲ್ಲಿ "ಯಾರು ಅನ್ನೋ ಹಾಗಿಲ್ಲ" ಅಂದೆಯಂತೆ. ನನಗೆ ಕೇಳಿಸಿದ್ದು "ಯಾರೂ ಅನ್ನ ಹಾಕಲ್ಲ" ಅಂತ. ನಲವತ್ತು ದಾಟಿದವಳು, ಒಂದು ವಾರ್ಡನ್ನೇ ನಡೆಸುವ ಸಿಸ್ಟರು, ಅವಳಿಗೆ ಒಂದು ತುತ್ತು ಹಾಕುವವರಿಲ್ಲವೇ ಎಂದು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡೆ. ಕೆಳಗಿನ ಸೈಕಲ್ ಅಂಗಡಿಯವನ ಹೆಂಡತಿ ಫೋನು ಇಸಿದುಕೊಂಡು ನಿನ್ನ ಹತ್ತಿರ ಮಾತಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಬಿಡಿಸಿ ಹೇಳಿದಳು. ಆದರೂ ಪೂರ್ತಿ ಅರ್ಥವಾಗಲಿಲ್ಲ. ತಪ್ಪು ನಡೆದರೆ ಯಾರು ಮಾಡಿದರು ಎಂದು ಕೇಳಬಾರದ ಸಭೆ ಎಂಥದ್ದು? ಬರೆದು ತಿಳಿಸು.

ನಾನು ಇದ್ದ ಹಾಗೇ ಇದ್ದೇನೆ. ಮಂಡಿ ಹತ್ತುವಾಗ ಒಂದು ಮಾತು, ಇಳಿಯುವಾಗ ಒಂದು ಮಾತು ಹೇಳುತ್ತದೆ. ಬೀದಿಯವರು ಮಾತ್ರೆಯ ಹಾಳೆ ಹಿಡಿದುಕೊಂಡು ಬರುವುದು ನಿಂತಿಲ್ಲ. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಲ್ಲ ಓದಿ ಹೇಳಿ ಕಳಿಸುತ್ತೇನೆ. ನಿನ್ನೆ ಬ್ಯಾಂಕಿನ ಗುಮಾಸ್ತನೊಬ್ಬ ಬಂದು, ಅಕ್ಷರ ಸಣ್ಣದು ಅಮ್ಮ ಎಂದು ನನ್ನ ಕೈಗೆ ಕೊಟ್ಟ. ಒಂದು ದಿನವೂ ಶಾಲೆಯ ಬಾಗಿಲು ನೋಡದವಳು ಗುಮಾಸ್ತನಿಗೆ ಓದಿ ಹೇಳಿದೆ. ನಿನ್ನ ನರ್ಸಿಂಗ್ ಸಂದರ್ಶನದಲ್ಲಿ "ಔಷಧಿ ಬಾಟಲಿಯ ಚೀಟಿ ನೋಡಿ ಓದು ಕಲಿತವಳು ನಮ್ಮ ದೊಡ್ಡಮ್ಮ" ಅಂದಿದ್ದೆಯಲ್ಲ, ಅದು ನೆನಪಾಯಿತು.

ನಿನ್ನ ದನಿ ದಣಿದ ಹಾಗಿತ್ತು ಎಂದು ಸೈಕಲ್ ಅಂಗಡಿಯವನ ಹೆಂಡತಿ ಅಂದಳು. ಕಿವಿಯಿದ್ದವರು ಹೇಳಿದ್ದು, ನಿಜವಿರಬೇಕು. ಏನಾಗಿದೆ?

ದೊಡ್ಡಮ್ಮ


ಫೆಬ್ರವರಿ ೧೪

ದೊಡ್ಡಮ್ಮನಿಗೆ ನಮಸ್ಕಾರ.

ದಣಿವು ಎಲ್ಲರಿಗೂ ಇದ್ದದ್ದೇ. ಆರು ಜನ ಮಾಡಬೇಕಾದ ಕೆಲಸವನ್ನು ನಾಲ್ಕು ಜನ ಮಾಡುತ್ತಿದ್ದೇವೆ. ಅದು ಬಿಡಿ, ಸಭೆಯ ವಿಷಯ ಕೇಳಿದ್ದೀರಿ.

ಹೊಸದಾಗಿ ಬಂದಿರುವ ಹಿರಿಯ ಡಾಕ್ಟರು ಶುರು ಮಾಡಿದ್ದು. ಪ್ರತಿ ಬುಧವಾರ ಮಧ್ಯಾಹ್ನ ಹಳೆಯ ಊಟದ ಕೋಣೆಯಲ್ಲಿ ಎಲ್ಲರೂ ಸೇರಬೇಕು. ಡಾಕ್ಟರು, ಸಿಸ್ಟರು, ನೆಲ ಒರೆಸುವವರು, ಎಲ್ಲರೂ. ಆ ವಾರ ಏನೇನು ತಪ್ಪಾಯಿತು, ಏನು ತಪ್ಪಾಗುವುದರಲ್ಲಿತ್ತು, ಹೇಳಬೇಕು. ಯಾರು ಎಂದು ಕೇಳಬಾರದು, ಹೇಗೆ ಎಂದು ಮಾತ್ರ ಕೇಳಬೇಕು. ಯಾರು ಬಾಯಿ ಬಿಟ್ಟರೂ ಅವರು "ಹೇಗಪ್ಪಾ ಆಯ್ತು?" ಅನ್ನುವುದರಿಂದ ವಾರ್ಡಿನವರು ಅವರಿಗೆ ಹೇಗಪ್ಪ ಎಂದೇ ಹೆಸರಿಟ್ಟಿದ್ದಾರೆ. ಅವರಿಗೂ ಗೊತ್ತು, ಬೇಜಾರಿಲ್ಲ. ಸಭೆಯ ಪುಸ್ತಕ ಬರೆಯುವ ಕೆಲಸ ನನ್ನದು. ಈಗಾಗಲೇ ಒಳ್ಳೆಯದೂ ಆಗಿದೆ. ಒಂದೇ ಬಣ್ಣದ ಎರಡು ಸೂಜಿಮದ್ದು ಒಂದೇ ಡ್ರಾಯರಿನಲ್ಲಿ ಇರುತ್ತಿದ್ದವು, ಬೇರೆ ಮಾಡಿದರು. ಜಾರುವ ಬಚ್ಚಲಿಗೆ ಹಿಡಿಕೆ ಬಂತು.

ಹೋದ ತಿಂಗಳು ನಮ್ಮ ವಾರ್ಡಿನಲ್ಲೇ ಒಂದು ನಡೆಯಿತು. ಒಬ್ಬರು ಹಿರಿಯ ದರ್ಜಿ, ಲಕ್ವ ಹೊಡೆದು ಬಂದವರು. ಅವರ ನಾಡಿ ನಿಧಾನವಾಗುತ್ತಿದೆ ಎಂದು ಇನ್ನೊಬ್ಬ ಡಾಕ್ಟರು ಫೋನು ಮಾಡಿ, ಹೃದಯದ ಮಾತ್ರೆಯನ್ನು ಅರ್ಧಕ್ಕಿಳಿಸಲು ಹೇಳಿದ್ದರು. ಫೋನು ತೆಗೆದುಕೊಂಡ ಸಿಸ್ಟರು ತಪ್ಪಾಗಿ ಕೇಳಿಸಿಕೊಂಡು ಪೂರ್ತಿ ಮಾತ್ರೆಯನ್ನೇ ಬರೆದಳು. ಆಮೇಲಿನ ಡ್ಯೂಟಿಯವರೂ ಬರೆದದ್ದನ್ನು ನೋಡಿ ಹಾಗೇ ಕೊಟ್ಟರು. ಮೂರನೆಯ ದಿನ ಬೆಳಗ್ಗೆ ನಾಡಿ ಮೂವತ್ತಕ್ಕೆ ಬಂದು ಎಚ್ಚರ ತಪ್ಪಿದರು. ಐಸಿಯುಗೆ ಹಾಕಿ ಹೇಗೋ ಉಳಿಸಿಕೊಂಡರು. ಸಭೆಯಲ್ಲಿ ಇನ್ನೂ ಅದು ಮುಗಿದಿಲ್ಲ. ಆ ಸಿಸ್ಟರು ಬಾಯಿ ಬಿಟ್ಟಿಲ್ಲ. ಮೊದಲ ದಿನ ಮಾತ್ರೆ ಬರೆದ ಹಾಳೆ ತರಿಸಿದರೆ ಸಹಿ ಸಿಗುತ್ತದೆ. ಹೇಗಪ್ಪ ಅದನ್ನು ತರಿಸಬಾರದು ಎಂದಿದ್ದಾರೆ.

ನಿಮಗೆ ಏನನ್ನಿಸುತ್ತದೆ ದೊಡ್ಡಮ್ಮ? ನೀವು ನಲವತ್ತು ವರ್ಷ ಔಷಧಿ ಕೋಣೆಯಲ್ಲಿ ಇದ್ದವರು.

ಗುಬ್ಬಿ


ಫೆಬ್ರವರಿ ೨೨

ಗುಬ್ಬಿಗೆ ಆಶೀರ್ವಾದ.

ನೀನು ಕೇಳಿದ್ದೀಯ, ಹೇಳುತ್ತೇನೆ. ನಿಮ್ಮ ಹೇಗಪ್ಪ ಒಳ್ಳೆಯವನಿರಬಹುದು, ಆದರೆ ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ಯಾರ ಮುಖವೂ ಕಾಣುವುದಿಲ್ಲ. ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ಫೋನು ಹಿಡಿದವಳು ಕಿವಿ ಕೊಡಬೇಕಿತ್ತು. ನನ್ನ ಹಾಗೆ ಕಿವುಡಿಯಾಗಿದ್ದರೆ ಮನೆಯಲ್ಲಿರಲಿ. ಕಿವಿ ಕೊಡದವರಿಗೆ ವಾರ್ಡಿನಲ್ಲಿ ಏನು ಕೆಲಸ?

ಬಾಯಿ ಬಿಟ್ಟಿಲ್ಲ ಎನ್ನುತ್ತೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರು ಎಂದು ನೀನೇ ಗಮನಿಸು. ವಾರ್ಡಿನ ದೊಡ್ಡವಳು ನೀನು. ನಾಲ್ಕು ದಿನ ಎಲ್ಲರ ಹೆಗಲು ನೋಡು, ಗೊತ್ತಾಗುತ್ತದೆ.

ನಮ್ಮ ಕಾಲದಲ್ಲಿ ಕಾಂಪೌಂಡರ್ ಅಣ್ಣ ಇದ್ದರು, ನಿನಗೆ ಅವರ ಹೆಸರು ಹೇಳಿ ಹೆದರಿಸುತ್ತಿದ್ದೆನಲ್ಲ, ಅಳತೆ ತಪ್ಪಿದರೆ ಕಾಂಪೌಂಡರ್ ಥರ ಆಗ್ತೀಯ ಅಂತ. ಕೆಮ್ಮಿನ ಔಷಧಿ ಕೊಡುವ ಜಾಗದಲ್ಲಿ ಮೈಗೆ ಹಚ್ಚುವ ನೋವಿನೆಣ್ಣೆ ಕೊಟ್ಟರು. ಕುಡಿದ ಹೆಂಗಸಿನ ಗಂಟಲು ಸುಟ್ಟಿತು. ಮಾರನೆಯ ದಿನ ಮೇಲಿನವರು ಬಂದು, ಕೊಟ್ಟವರು ಯಾರು ಎಂದು ಕೇಳಿದರು, ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಅಣ್ಣ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮತ್ತೆ ಆ ಕೋಣೆಯಲ್ಲಿ ಅಂಥ ತಪ್ಪು ನಡೆಯಲಿಲ್ಲ. ನಾನೇ ಸಾಕ್ಷಿ.

ಕಟುವಾಗಿ ಬರೆದೆನೋ ಏನೋ. ಮಂಡಿ ನೋವಿದ್ದ ದಿನ ಕಾಗದ ಬರೆಯಬಾರದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ದೊಡ್ಡಮ್ಮ


ಮಾರ್ಚ್ ೧೫

ಗುಬ್ಬಿ,

ನಿನ್ನ ಕಾಗದ ಬರಲಿಲ್ಲ. ಅಂಚೆಯವನನ್ನು ಎರಡು ಸಲ ಬೈದೆ, ಪಾಪ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈ ಹುಷಾರಿದೆಯಾ? ಒಂದೇ ಸಾಲು ಸಾಕು.

ದೊಡ್ಡಮ್ಮ


ಮಾರ್ಚ್ ೩೦

ದೊಡ್ಡಮ್ಮನಿಗೆ ನಮಸ್ಕಾರ.

ಮೈ ಹುಷಾರಿದೆ. ಕೆಲಸ ಹೆಚ್ಚು, ಅಷ್ಟೆ.

ನಿಮ್ಮ ಮಾತನ್ನು ಆ ಸಿಸ್ಟರಿಗೆ ಹೇಳಿದೆ. ಕಿವಿ ಕೊಡದವರಿಗೆ ವಾರ್ಡಿನಲ್ಲಿ ಕೆಲಸವಿಲ್ಲ ಎಂದು ನಮ್ಮ ದೊಡ್ಡಮ್ಮ ಅಂದರು ಎಂದೆ. ಅವಳು ಒಪ್ಪಿದಳು. ಬಟ್ಟೆ ಕೋಣೆಗೆ ವರ್ಗ ಕೇಳಲು ಅರ್ಜಿ ಬರೆದಿಟ್ಟಿದ್ದಾಳೆ. ಅಲ್ಲಿ ಹಾಸಿಗೆ ಹೊದಿಕೆ ಎಣಿಸುವುದು, ಮಡಚುವುದು. ಹೆಚ್ಚು ಕಡಿಮೆಯಾದರೂ ಯಾರೂ ಸಾಯುವುದಿಲ್ಲ.

ಸಭೆ ಅಲ್ಲೇ ನಿಂತಿದೆ. ಫೋನು ಮಾಡಿದ ಡಾಕ್ಟರು, ನಾನು ಅರ್ಧ ಅಂತಲೇ ಹೇಳಿದ್ದೆ ಎನ್ನುತ್ತಾರೆ. ಅವರಿಗೆ ಹಾಗೇ ನೆನಪಿದೆ, ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಅವರು ನಿಜವಾಗಿ ಹೇಳಿದ್ದು "ಇವತ್ತಿಂದ ಆ ಮಾತ್ರೆ ಅರೆ ಮಾಡಿ ಕೊಡಿ ಸಿಸ್ಟರ್" ಅಂತ. ಅವರ ಕಡೆ ಅರೆ ಎಂದರೆ ಅರ್ಧ. ದರ್ಜಿಯವರಿಗೆ ನುಂಗಲು ಆಗದೆ ಅವತ್ತು ಬೆಳಗ್ಗೆ ತಾನೇ ಮೂಗಿನಲ್ಲಿ ಟ್ಯೂಬು ಹಾಕಿದ್ದೆವು. ಟ್ಯೂಬಿಗೆ ಮಾತ್ರೆಯನ್ನು ಅರೆದೇ ಹಾಕಬೇಕಲ್ಲ. ಅದನ್ನೇ ಹೇಳುತ್ತಿದ್ದಾರೆ ಎಂದುಕೊಂಡು ಅವಳು "ಆಯ್ತು ಡಾಕ್ಟರ್" ಎಂದು ಫೋನಿಟ್ಟು, ಹಾಳೆಯಲ್ಲಿ "ಅರೆದು, ಟ್ಯೂಬಿನಲ್ಲಿ" ಎಂದು ಬರೆದಳು. ಒಂದು ಇಡೀ ಮಾತ್ರೆ, ನುಣ್ಣಗೆ ಅರೆದು.

ಸಭೆಯ ತೀರ್ಮಾನವಾಗಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ: ಫೋನಿನಲ್ಲಿ ಹೇಳಿದ್ದನ್ನು ಗಮನವಿಟ್ಟು ಕೇಳತಕ್ಕದ್ದು. ಗಮನವಿಟ್ಟೇ ಕೇಳಿದ್ದು ದೊಡ್ಡಮ್ಮ. ಮೊನ್ನೆ ಪಕ್ಕದ ವಾರ್ಡಿಗೆ ಅದೇ ಡಾಕ್ಟರು ಫೋನು ಮಾಡಿ ಅದೇ ಮಾತು ಅಂದರು. ಅಲ್ಲಿ ಎತ್ತಿಕೊಂಡವಳಿಗೆ ಅರ್ಥವಾಯಿತು. ನಾಳೆ ಎತ್ತಿಕೊಳ್ಳುವವಳಿಗೆ ಆಗಬೇಕೆಂದಿಲ್ಲ.

ದರ್ಜಿಯವರು ವಾರ್ಡಿಗೆ ವಾಪಸು ಬಂದಿದ್ದಾರೆ. ಅವರ ಹೆಂಡತಿ ಸುಮ್ಮನೆ ಕೂರುವವರಲ್ಲ. ವಾರ್ಡಿನ ಪರದೆಗಳ ಅಂಚು ಬಿಟ್ಟಿದ್ದನ್ನೆಲ್ಲ ಹೊಲಿದರು. ನನ್ನ ಕೋಟಿನ ಜೇಬು ಹರಿದಿತ್ತು, ಬಿಚ್ಚಿಸಿಕೊಂಡು ಹೊಲಿದುಕೊಟ್ಟರು. "ನಿಮ್ಮ ಕೈಯಿಂದ ಉಳಿದರು ಸಿಸ್ಟರ್" ಎನ್ನುತ್ತಾರೆ. ದಿನವೂ ಅನ್ನುತ್ತಾರೆ.

ಗುಬ್ಬಿ


ಏಪ್ರಿಲ್ ೬

ನನ್ನ ಗುಬ್ಬಿಗೆ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಮೂರು ದಿನವೂ ಬರೆಯಲು ಕೂತೆ, ಎದ್ದೆ. ಇವತ್ತು ಏಳುವುದಿಲ್ಲ.

ಫೋನಿನಲ್ಲಿ ಹೇಳಿದ ಮಾತು ಫೋನು ಹಿಡಿದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಅದೂ ಸಾಲದು ಎಂದರೆ ಇನ್ನೊಂದಿದೆ. ಅರೆ ಮಾಡು ಅಂದರೆ ಪುಡಿ ಮಾಡು ಎಂದು ತಿಳಿಯುವವರು ಇನ್ನೆಲ್ಲೂ ಇಲ್ಲ. ಅದು ನಮ್ಮ ಮನೆಯ ಮಾತು. ನಾನು ಕಟ್ಟಿದ ಮಾತು. ನಿನ್ನ ಅಮ್ಮ ಮಿಲ್ಲಿಗೆ ಹೋದಾಗ ನೀನು ಔಷಧಿ ಕೋಣೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಬಿಳಿ ಪಿಂಗಾಣಿಯ ಕುಟ್ಟಾಣಿ ನಿನ್ನ ಮುಂದಿಟ್ಟು, "ಗುಬ್ಬಿ, ಇದನ್ನ ಅರೆ ಮಾಡು" ಎನ್ನುತ್ತಿದ್ದೆ. ನೀನು ನಾಲಿಗೆ ಹೊರಗೆ ಹಾಕಿಕೊಂಡು ಹಿಟ್ಟಿನ ಹಾಗೆ ಅರೆಯುತ್ತಿದ್ದೆ. ಆ ಡಾಕ್ಟರು ಅಂದದ್ದು ನಿನಗೆ ನನ್ನ ದನಿಯಲ್ಲಿ ಕೇಳಿಸಿರಬೇಕು.

ಕುಂಬಳಕಾಯಿ ಕಳ್ಳ ಎಂದು ಬರೆದು, ಎಲ್ಲರ ಹೆಗಲು ನೋಡು ಎಂದೆನಲ್ಲ. ನೀನು ಯಾವ ಹೆಗಲು ನೋಡಬೇಕಿತ್ತು? ಆ ಕಾಗದವನ್ನು ಹರಿದುಹಾಕು.

ಈಗ ನನ್ನದು ಕೇಳು. ಕಾಂಪೌಂಡರ್ ಅಣ್ಣನ ಕಥೆಯನ್ನು ನಾನು ನಿನಗೆ ನೂರು ಸಲ ಹೇಳಿದ್ದೇನೆ, ಒಂದು ಸಲವೂ ಪೂರ್ತಿ ಹೇಳಿಲ್ಲ.

ಆಗ ನನಗೆ ಹತ್ತೊಂಬತ್ತು. ನನ್ನ ಕೆಲಸ ಬಾಟಲಿ ತೊಳೆಯುವುದು. ತೊಳೆದಾಗ ಚೀಟಿ ನೆನೆದು ಬಿಟ್ಟುಕೊಳ್ಳುತ್ತಿತ್ತು. ಅವನ್ನು ಕಿಟಕಿಯ ಹತ್ತಿರ ಒಣಗಿಸಿ, ಅಣ್ಣ ಔಷಧಿ ತುಂಬಿದ ಮೇಲೆ ಮತ್ತೆ ಅಂಟಿಸಬೇಕು. ನನಗೆ ಒಂದಕ್ಷರ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ. ಚೀಟಿಯ ಆಕಾರ ಗುರುತಿಟ್ಟುಕೊಂಡಿದ್ದೆ. ಯಾವ ಬಾಟಲಿಯಲ್ಲಿ ಏನಿದೆ ಎಂಬುದನ್ನು ಮುಚ್ಚಳ ತೆಗೆದು ಮೂಸಿ ತಿಳಿಯುತ್ತಿದ್ದೆ. ಕೆಮ್ಮಿನ ಔಷಧಿಯೂ ಕಂದು, ನೋವಿನೆಣ್ಣೆಯೂ ಕಂದು, ಎರಡಕ್ಕೂ ಕರ್ಪೂರದ ವಾಸನೆ. ಆದರೆ ಎಣ್ಣೆಯದು ಮೂಗಿನ ಬುಡಕ್ಕೆ ಹೋಗಿ ಚುಚ್ಚುತ್ತಿತ್ತು. ಹನ್ನೊಂದು ತಿಂಗಳು ಒಂದು ಸಲವೂ ತಪ್ಪಲಿಲ್ಲ.

ಅವತ್ತು ನನಗೆ ನೆಗಡಿಯಾಗಿತ್ತು.

ಇಷ್ಟೇ ಗುಬ್ಬಿ. ಮೂಗು ಕಟ್ಟಿತ್ತು. ಎರಡೂ ಬಾಟಲಿ ಮೂಸಿದೆ, ಏನೂ ಬರಲಿಲ್ಲ. ಹೊರಗೆ ಸಾಲು ಬೆಳೆದಿತ್ತು. ಅಂದಾಜಿನಲ್ಲಿ ಅಂಟಿಸಿದೆ. "ಚೀಟಿ ಹಾಕಿದೆಯಾ?" ಎಂದು ಅಣ್ಣ ಕೇಳಿದರು, ಹಾಕಿದೆ ಎಂದೆ. ಅವರು ನನ್ನ ಚೀಟಿಯನ್ನು ನಂಬಿ ಅಳೆದು ಕೊಟ್ಟರು.

ಕುಡಿದವಳು ಬೀದಿಯಲ್ಲಿ ತರಕಾರಿ ಕೂಗಿ ಮಾರುವವಳು. ಬದುಕಿದಳು. ದನಿ ಹೋಯಿತು. ಆಮೇಲೆ ಅವಳು ಕೂಗಲಿಲ್ಲ, ತಕ್ಕಡಿಯ ತಟ್ಟೆಯನ್ನು ಕಲ್ಲಿನಿಂದ ಬಡಿದುಕೊಂಡು ಬರುತ್ತಿದ್ದಳು. ನಮ್ಮ ಬೀದಿಗೂ ಬರುತ್ತಿದ್ದಳು. ಆ ಸದ್ದು ಬಂದರೆ ನಾನು ಹಿಂದಿನ ಬಾಗಿಲಿಗೆ ಹೋಗುತ್ತಿದ್ದೆ. ಈಗ ಕಿವಿ ಹೋಗಿದೆ ಎಂದು ನೀನು ಬೇಸರ ಮಾಡಿಕೊಳ್ಳುತ್ತೀಯಲ್ಲ, ನನಗೆ ಅಷ್ಟು ಬೇಸರವಿಲ್ಲ.

ಮೇಲಿನವರು ಬಂದು "ಕೊಟ್ಟವರು ಯಾರು?" ಎಂದು ಕೇಳಿದಾಗ ನಾನು "ಕಾಂಪೌಂಡರ್ ಅಣ್ಣ" ಎಂದೆ. ಸುಳ್ಳಲ್ಲ. ಕೊಟ್ಟವರು ಅವರೇ. ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಆ ಜಂಬ ನನಗೆ ಬೇಡ. ಆದರೆ ಕೇಳಲಿಲ್ಲ.

ಅವರು ಹೋದ ಮಾರನೆಯ ದಿನದಿಂದ ನಾನು ಅಕ್ಷರ ಕಲಿತೆ. ಚೀಟಿ ಒಣಗುವಷ್ಟು ಹೊತ್ತು ಒಂದೊಂದನ್ನೇ ಬೆರಳಿನಲ್ಲಿ ತಿದ್ದುತ್ತ ಕಲಿತೆ. ಓದಿನ ಹುಚ್ಚಿನಿಂದ ಕಲಿತೆ ಎಂದು ನೀವೆಲ್ಲ ತಿಳಿದಿದ್ದೀರಿ. ಹೆದರಿಕೆಯಿಂದ ಕಲಿತದ್ದು. ನಿನ್ನ ಸಂದರ್ಶನದಲ್ಲಿ ನೀನು ಹೆಮ್ಮೆಯಿಂದ ಹೇಳಿಕೊಂಡದ್ದು ಇದನ್ನೇ. ಅವತ್ತು ನಾನು ಹೂಂ ಎಂದು ನಕ್ಕೆ.

ಮತ್ತೆ ಅಂಥ ತಪ್ಪು ನಡೆಯಲಿಲ್ಲ ಎಂದು ಬರೆದಿದ್ದೆ. ನನಗೆ ಓದು ಬಂತು, ಅದಕ್ಕೆ ನಡೆಯಲಿಲ್ಲ. ಅಣ್ಣ ಹೋದದ್ದಕ್ಕಲ್ಲ.

ಬಟ್ಟೆ ಕೋಣೆಗೆ ಹೋಗಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ದಣಿದಿದ್ದರೆ ಹೋಗು. ಆದರೆ ಅರೆ ಎಂಬ ಮಾತನ್ನು ಆ ಸಭೆಯಲ್ಲಿ ಇಟ್ಟು ಹೋಗು. ಅದನ್ನು ಬಲ್ಲವಳು ನೀನೊಬ್ಬಳೇ. ನೀನು ಮಡಚಿಕೊಂಡು ಹೋದರೆ ಅದು ಫೋನಿನಲ್ಲೇ ಉಳಿಯುತ್ತದೆ.

ಕೈ ನೋಯುತ್ತಿದೆ.

ದೊಡ್ಡಮ್ಮ


ಏಪ್ರಿಲ್ ೨೯

ದೊಡ್ಡಮ್ಮನಿಗೆ,

ಎರಡು ಬುಧವಾರ ಹೇಳಲಾಗಲಿಲ್ಲ. ಪುಸ್ತಕ ಬಿಚ್ಚಿ, ಬಂದವರ ಲೆಕ್ಕ ಬರೆದು, ಬೇರೆಯವರದನ್ನೆಲ್ಲ ಬರೆದುಕೊಂಡು ಮುಚ್ಚಿದೆ. ಮೂರನೆಯದರಲ್ಲಿ ಹೇಳಿದೆ. ಎದ್ದು ನಿಲ್ಲಲೂ ಇಲ್ಲ. ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟು, ಫೋನು ಎತ್ತಿದ್ದು ನಾನು ಎಂದೆ.

ಆಮೇಲೆ ನಮ್ಮ ವಾರ್ಡಿನ ಒಬ್ಬ ಸಿಸ್ಟರು, ಇಲ್ಲಿ ಹೆಸರು ಹೇಳೋ ಹಾಗಿಲ್ಲವಲ್ಲ ಎಂದು ಮೆಲ್ಲಗೆ ಅಂದಳು, ನನ್ನನ್ನು ಕಾಪಾಡುವ ಹಾಗೆ. ಅದಕ್ಕೆ ಹೇಗಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಯಾರು ಅಂತ ಕೇಳಬೇಡಿ ಅಂದೆ. ನಾನು ಅಂತ ಹೇಳಬೇಡಿ ಅನ್ನಲಿಲ್ಲವಲ್ಲ."

ಆಮೇಲೆ ಅವರು ಹೇಗಾಯ್ತು ಎಂದು ಕೇಳಿದರು. ನಾನು ಕುಟ್ಟಾಣಿಯಿಂದ ಶುರು ಮಾಡಿದೆ. ನಿಮ್ಮ ಸ್ಟೂಲು, ನಿಮ್ಮ ಮಾತು, ಬೆಳಗ್ಗೆ ಹಾಕಿದ ಟ್ಯೂಬು, ಎಲ್ಲ. ಫೋನು ಮಾಡಿದ ಡಾಕ್ಟರು, ನಮ್ಮಜ್ಜಿ ಅರೆ ಅಂತಲೇ ಅನ್ನುತ್ತಿದ್ದರು, ನನ್ನ ಬಾಯಲ್ಲಿ ಅದೇ ಬಂದಿರಬೇಕು ಎಂದರು. ಹಾಗಾದರೆ ಇದು ಒಬ್ಬ ಅಜ್ಜಿ, ಒಬ್ಬ ದೊಡ್ಡಮ್ಮನ ಜಗಳ, ನಮ್ಮ ಮೇಲೆ ಯಾಕೆ ಹಾಕ್ತೀರಿ ಎಂದು ನೆಲ ಒರೆಸುವಾಕೆ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ.

ಗೋಡೆಯ ಹಾಳೆ ತೆಗೆದರು. ಈಗಿನ ನಿಯಮ ಇದು: ಫೋನಿನಲ್ಲಿ ಅರೆ ಎನ್ನುವಂತಿಲ್ಲ. ಅರ್ಧ ಎನ್ನಬೇಕು, ಪುಡಿ ಎನ್ನಬೇಕು. ಕೇಳಿಸಿಕೊಂಡವರು ಕೇಳಿದ್ದನ್ನು ತಿರುಗಿ ಹೇಳಬೇಕು, ಹೇಳಿದವರು "ಸರಿ" ಅನ್ನುವವರೆಗೆ ಫೋನು ಇಡುವಂತಿಲ್ಲ. ಮೊದಲ ದಿನ ಎಲ್ಲರಿಗೂ ನಾಚಿಕೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ. ಈಗ ರೂಢಿಯಾಗುತ್ತಿದೆ.

ದರ್ಜಿಯವರ ಹೆಂಡತಿಗೂ ಹೇಳಿದೆವು, ಹೇಗಪ್ಪ ಮತ್ತು ನಾನು ಕೂತು. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಪೂರ್ತಿ ಕೇಳಿದರು. "ಇಷ್ಟು ದಿನ ನಿಮಗೆ ಕೈ ಮುಗಿದೆನಲ್ಲ" ಎಂದರು. ಅಷ್ಟೇ. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಈಗ ಮಾತ್ರೆ ಮುರಿದ ಮೇಲೆ ಎರಡು ತುಂಡನ್ನೂ ಅವರ ಅಂಗೈಯಲ್ಲಿಟ್ಟು ತೋರಿಸುತ್ತೇನೆ. ಅವರು ನೋಡಿ, ಒಂದನ್ನು ನನಗೆ ವಾಪಸು ಕೊಡುತ್ತಾರೆ. ಅದನ್ನು ಪುಡಿ ಮಾಡಿ ಹಾಕುತ್ತೇನೆ.

ಬಟ್ಟೆ ಕೋಣೆಯ ಅರ್ಜಿ ಕೋಟಿನ ಜೇಬಿನಲ್ಲೇ ಇದೆ, ಅವರು ಹೊಲಿದ ಜೇಬಿನಲ್ಲಿ. ಕೊಟ್ಟಿಲ್ಲ, ಹರಿದಿಲ್ಲ.

ಕಾಂಪೌಂಡರ್ ಇದ್ದಾರಾ ದೊಡ್ಡಮ್ಮ?

ಗುಬ್ಬಿ


ಮೇ ೨೦

ಗುಬ್ಬಿಗೆ ಆಶೀರ್ವಾದ.

ಇದ್ದಾರೆ. ನೀನು ಕೇಳಿದ ಮೇಲೆ ಹುಡುಕಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಎಲ್ಲಿದ್ದಾರೆ ಎಂದು ನನಗೆ ಯಾವಾಗಲೂ ಗೊತ್ತಿತ್ತು. ಎರಡು ಬಸ್ಸು ಬದಲಿಸಿದರೆ ಸಿಗುವ ಜಾಗ. ನಲವತ್ತೆಂಟು ವರ್ಷದಲ್ಲಿ ಆ ಎರಡನೆಯ ಬಸ್ಸು ಹತ್ತಲಿಲ್ಲ, ಅಷ್ಟೆ.

ಸೈಕಲ್ ಅಂಗಡಿಯವನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದೆ, ಅವರ ಮಾತು ನನ್ನ ಕಿವಿಗೆ ತಲುಪಿಸಲು. ಅವಳನ್ನು ಬಾಗಿಲ ಹತ್ತಿರ ಕೂರಿಸಿದೆ. ಅಣ್ಣನಿಗೆ ಎಪ್ಪತ್ತೊಂಬತ್ತು. ಆಸ್ಪತ್ರೆ ಬಿಟ್ಟ ಮೇಲೆ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ ಹಿಡಿದು ಅಲ್ಲೇ ಮುಗಿಸಿದರಂತೆ. ಇಷ್ಟು ನೀಲಿಗೆ ಇಷ್ಟು ಬಿಳಿ, ಹನಿ ಹೆಚ್ಚು ಕಡಿಮೆ ಇಲ್ಲ, ಅಂಗಡಿಯವರು ಇನ್ನೂ ಹೇಳಿಕೊಳ್ಳುತ್ತಾರಂತೆ. ಅವರ ಉಗುರಿನ ಸುತ್ತ ಬಣ್ಣ ಇನ್ನೂ ಇದೆ. ಆ ಬೆರಳುಗಳನ್ನು ನೋಡುತ್ತ ಹೇಳಿದೆ. ಓದು ಬರುತ್ತಿರಲಿಲ್ಲ, ಮೂಸಿ ಅಂಟಿಸುತ್ತಿದ್ದೆ, ಅವತ್ತು ನೆಗಡಿಯಾಗಿತ್ತು ಎಂದೆ. ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಗಿ ಇಷ್ಟೇ ಬಂತು.

ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಅವರೇ ಗಟ್ಟಿಯಾಗಿ ಹೇಳಿದರು.

"ನೀನು ಮೂಸೋದು ನನಗೆ ಗೊತ್ತಿತ್ತು. ನೆಗಡಿ ಗೊತ್ತಿರಲಿಲ್ಲ."

ಗೊತ್ತಿತ್ತಂತೆ ಗುಬ್ಬಿ. ಓದು ಬಾರದವಳ ಕೈಗೆ ಚೀಟಿ ಕೊಡುತ್ತಿದ್ದೇನೆ ಎಂದು ತಿಳಿದೇ ಕೊಡುತ್ತಿದ್ದರಂತೆ. ಕೆಲಸ ಸಾಗುತ್ತಿತ್ತು, ಇನ್ನೊಬ್ಬ ಆಳನ್ನು ಕೇಳಿದರೆ ಮೇಲಿನವರು ಕೊಡುತ್ತಿರಲಿಲ್ಲ. ಅದನ್ನು ಅವತ್ತು ಹೇಳಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು ಎಂದು ಹೇಳಲಿಲ್ಲವಂತೆ. ಹೇಳಿದ್ದರೆ ನಿಮ್ಮದು ಉಳಿಯುತ್ತಿತ್ತಲ್ಲ ಅಣ್ಣ ಎಂದೆ. ತಲೆ ಅಲ್ಲಾಡಿಸಿದರು. "ಇಬ್ಬರೂ ಹೋಗ್ತಿದ್ವಿ. ಬಾಟಲಿಗಳು ಅಲ್ಲೇ ಇರ್ತಿದ್ವು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರ ಮಗಳ ಮದುವೆ ಎರಡು ಸಲ ತಪ್ಪಿತಂತೆ, ಅಪ್ಪ ವಿಷ ಕೊಟ್ಟವನು ಎಂದು ಯಾರೋ ಹೇಳಿ. ಅದನ್ನು ಕೋಪವಿಲ್ಲದೆ, ಬಣ್ಣದ ಲೆಕ್ಕ ಹೇಳಿದ ಹಾಗೆ ಹೇಳಿದರು. ಹೊರಡುವಾಗ, ಆ ಹೆಂಗಸಿಗೆ ಆಮೇಲೆ ದನಿ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಏಳಲು ಆಗದೆ ಕೂತಲ್ಲಿಂದಲೇ ಕೈ ಎತ್ತಿದರು. ಬಸ್ಸಿನಲ್ಲಿ ಸೈಕಲ್ ಅಂಗಡಿಯವನ ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳ ಪಾಲಿಗೆ ಅದು ದೊಡ್ಡ ವ್ರತ.

ನಿಮ್ಮ ಬುಧವಾರದ ಪುಸ್ತಕದಲ್ಲಿ ಹಳೆಯದನ್ನು ಬರೆಯಲು ಜಾಗವಿದ್ದರೆ ಇದನ್ನೂ ಬರೆ. ಕಾಂಪೌಂಡರ್ ಕೊಟ್ಟರು ಎಂದು ನಾನು ಹೇಳಿದ್ದು ಎಲ್ಲೋ ಒಂದು ದಫ್ತರಿನಲ್ಲಿ ಇರುತ್ತದೆ. ಚೀಟಿಯದು ಎಲ್ಲೂ ಇಲ್ಲ. ಯಾರು ಎಂದು ನೀವು ಕೇಳುವುದಿಲ್ಲ, ಗೊತ್ತು. ಆದರೂ ನಾನು ಎಂದು ಬರೆ.

ನನ್ನ ಅಕ್ಷರ ಇತ್ತೀಚೆಗೆ ಒಂದರ ಮೇಲೊಂದು ಬೀಳುತ್ತಿದೆ. ಸರಿಯಾಗಿ ಓದಲು ಬಂತೋ ಇಲ್ಲವೋ.

ದೊಡ್ಡಮ್ಮ


ಜೂನ್ ೧

ದೊಡ್ಡಮ್ಮನಿಗೆ,

ನೀವು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಬಾಟಲಿ ತೊಳೆಯುವಾಕೆಗೆ ಓದು ಬರುತ್ತಿರಲಿಲ್ಲ. ಹೇಳಿದರೆ ಕೆಲಸ ಹೋಗುವ ಹೆದರಿಕೆ ಇತ್ತು. ಕಾಂಪೌಂಡರಿಗೆ ಅದು ಗೊತ್ತಿತ್ತು, ಕೇಳಿದರೆ ಇನ್ನೊಬ್ಬ ಆಳು ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಎರಡು ಔಷಧಿಗಳ ಬಣ್ಣ ಒಂದೇ, ಬಾಟಲಿ ಒಂದೇ. ಗುರುತಿಗೆ ಇದ್ದದ್ದು ಒಂದು ಮೂಗು. ಅವತ್ತು ಆ ಮೂಗು ಕಟ್ಟಿತ್ತು. ತರಕಾರಿ ಮಾರುವಾಕೆಯ ದನಿ ಹೋಯಿತು. ಕಾಂಪೌಂಡರ ಕೆಲಸ ಹೋಯಿತು. ಚೀಟಿ ಅಂಟಿಸಿದ್ದು ನಮ್ಮ ದೊಡ್ಡಮ್ಮ.

ಕಳೆದ ಬುಧವಾರ ಇಷ್ಟನ್ನು ಪುಸ್ತಕದಿಂದ ಓದಿದೆ. ಹೇಗಪ್ಪ ಏನೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ನೆಲ ಒರೆಸುವಾಕೆ ನನ್ನ ಹತ್ತಿರ ಬಂದು, ಫಿನಾಯಿಲು ಮತ್ತು ಕೈ ತೊಳೆಯುವ ದ್ರಾವಣದ ಡಬ್ಬಿಗಳನ್ನು ಮುಚ್ಚಳದ ಬಣ್ಣ ನೋಡಿ ಗುರುತಿಸುತ್ತೇನೆ ಎಂದಳು. ಓದಲು ಬರುವುದಿಲ್ಲವಂತೆ. ಹೋದ ತಿಂಗಳು ಕಂಪನಿಯವರು ಮುಚ್ಚಳದ ಬಣ್ಣ ಬದಲಿಸಿದ್ದಾರೆ. ಊಟದ ಬಿಡುವಿನಲ್ಲಿ ದಿನಕ್ಕೆ ಎರಡು ಅಕ್ಷರ ಹೇಳಿಕೊಡುತ್ತಿದ್ದೇನೆ. ಅವಳನ್ನು ನಡುವೆ ಬಿಟ್ಟು ಬಟ್ಟೆ ಕೋಣೆಗೆ ಹೋಗುವ ಹಾಗಿಲ್ಲ.

ನಾನು ಕೇಳಿಸಿಕೊಂಡದ್ದು ಇಷ್ಟು. ನೀವು ಹೇಳುವವರೆಗೆ ಫೋನು ಇಡುವುದಿಲ್ಲ.

ಗುಬ್ಬಿ


ಜೂನ್ ೯

ಗುಬ್ಬಿಗೆ,

ಸರಿ.

ದೊಡ್ಡಮ್ಮ